ಹಣ್ಣಿಗೆ ಶೇ 5, ಗುಳ್ಳೆಗೆ ಶೇ 40

ಸಕ್ಕರೆ, ಪರಿಮಳ ಏನೂ ಸೇರಿಸದ ಸಾದಾ ಸೋಡಾಕ್ಕೆ ಜಿಎಸ್‌ಟಿ ಶೇ 5. ಹಣ್ಣಿನ ರಸದ ಪಾನೀಯಕ್ಕೂ ಶೇ 5. ಈ ಎರಡನ್ನೂ ಬೆರೆಸಿ, ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಅಂಗಡಿಗೆ ಕಳಿಸಿದರೆ ಶೇ 40. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರಪಟ್ಟಿಯ ಲೆಕ್ಕ ಇದು. ಐಷಾರಾಮಿ ಕಾರಿಗೂ ಶೇ 40, ಗ್ಯಾಸ್ ಹಿಡಿಸಿದ ಮುರುಗಲು (ಕೋಕಂ) ಶರಬತ್ತಿಗೂ ಶೇ 40.

ದಿಲ್ಲಿಯಲ್ಲಿ ಕೂತು ನೋಡಿದರೆ ಇದು ಸಣ್ಣ ವಿಷಯ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಡುವಣ ಹಳ್ಳಿಗಳಿಂದ ನೋಡಿದರೆ ಹಾಗಲ್ಲ. ಜಾಂಬೋಟಿಯಿಂದ ಕಣಕುಂಬಿವರೆಗೆ, ಅತ್ತ ಹೆಮ್ಮಡಗಾ, ಲೋಂಡಾ ಕಡೆಗೆ, ಸಹ್ಯಾದ್ರಿಯ ಕಾಡಿನಲ್ಲೂ ಮನೆಯ ಹಿತ್ತಲಲ್ಲೂ ಏಪ್ರಿಲ್–ಮೇ ಹೊತ್ತಿಗೆ ಮುರುಗಲು ಹಣ್ಣಾಗುತ್ತದೆ. ಗೇರುಹಣ್ಣೂ ಅದೇ ಬೇಸಿಗೆಯದು. ಮುರುಗಲಿನ ಸಿಪ್ಪೆಯನ್ನು ಮಳೆ ಹಿಡಿಯುವ ಮೊದಲು ಒಣಗಿಸಿಕೊಂಡರೆ ಆಯಿತು; ಮೊದಲ ಮಳೆ ಬೇಗ ಬಂದ ವರ್ಷ ಅದೂ ಬೂಸಲು ಹಿಡಿಯುತ್ತದೆ. ಗೇರಿನ ಕಥೆ ಇನ್ನೂ ಕಷ್ಟದ್ದು. ಬೀಜ ತಿರುವಿ ತೆಗೆದ ಮೇಲೆ ಹಣ್ಣು ಮರದ ಬುಡದಲ್ಲೇ ಉಳಿಯುತ್ತದೆ. ಬೀಜಕ್ಕಿಂತ ಐದಾರು ಪಟ್ಟು ತೂಕದ, ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ಸಿ ಜೀವಸತ್ವ ಇರುವ ಹಣ್ಣು ಅದು. ಒಂದು ದಿನ ಕಳೆದರೆ ಹುಳಿಯುತ್ತದೆ, ಎರಡನೇ ದಿನಕ್ಕೆ ಯಾರಿಗೂ ಬೇಡ. ಚೋರ್ಲಾ ಘಾಟ್ ಇಳಿದರೆ ಗೋವಾದಲ್ಲಿ ಇದೇ ಹಣ್ಣಿನಿಂದ ಫೆನಿ ಇಳಿಸುತ್ತಾರೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಘಾಟಿನ ಮೇಲಿನವರಿಗೆ ಆ ದಾರಿ ಇಲ್ಲ. ಇರಲಿ ಎಂದು ಕೇಳುವ ಲೇಖನವೂ ಇದಲ್ಲ.

ಕೇಳಬೇಕಾದದ್ದು ಬೇರೆ ಇದೆ. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು ಪರದೇಶಗಳಲ್ಲಿ ನಾಲ್ಕೈದು ದಶಕಗಳಿಂದ ರೂಢಿಸಿಕೊಂಡು ಬಂದ ಒಂದು ವಿದ್ಯೆ ಇದೆ: ಸ್ಟೀಲಿನ ಸಣ್ಣ ಪೀಪಾಯಿಗೆ, ಅಂದರೆ ಕೆಗ್ಗಿಗೆ, ಪಾನೀಯ ತುಂಬಿ, ತಣ್ಣಗೆ ಮಾಡಿ, ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಗ್ಯಾಸನ್ನು ಹದವಾದ ಒತ್ತಡದಲ್ಲಿ ಅದರೊಳಗೆ ಕರಗಿಸುವುದು. ಕಾರ್ಖಾನೆ ಬೇಡ, ಕೋಟಿ ರೂಪಾಯಿಯ ಯಂತ್ರ ಬೇಡ. ಈ ವಿದ್ಯೆಯಿಂದ ಬಿಯರನ್ನು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಮುರುಗಲು ರಸವನ್ನೂ ಗೇರುಹಣ್ಣಿನ ರಸವನ್ನೂ ಇಟ್ಟರೆ ಖಾನಾಪುರದ ಹಳ್ಳಿಗಳಿಗೂ ಬೆಳಗಾವಿಯ ವರ್ಕ್‌ಶಾಪುಗಳಿಗೂ ಹೊಸ ಕೆಲಸ ಹುಟ್ಟುತ್ತದೆ. ಅಡ್ಡ ನಿಂತಿರುವುದು ಗುಳ್ಳೆಯ ಮೇಲೆ ಕೂತಿರುವ ತೆರಿಗೆ. ಆ ತೆರಿಗೆ ಇಳಿಯಬೇಕು.

ಗ್ಯಾಸಿನ ಪಾನೀಯ ಹುಟ್ಟಿದ್ದೇ ಬಿಯರ್ ತಯಾರಿಸುವ ಬ್ರೂವರಿಯ ಮಗ್ಗುಲಲ್ಲಿ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇಂಗ್ಲೆಂಡಿನ ಲೀಡ್ಸ್ ಊರಿಗೆ ಬಂದಾಗ ಮನೆಯ ಪಕ್ಕದಲ್ಲೇ ಒಂದು ಬ್ರೂವರಿ ಇತ್ತು. ಹುದುಗು ಬರುತ್ತಿದ್ದ ದೊಡ್ಡ ತೊಟ್ಟಿಗಳ ಮೇಲೆ ದಟ್ಟವಾದ ಒಂದು ಗಾಳಿ ನಿಲ್ಲುತ್ತಿತ್ತು. ಅದರಲ್ಲಿ ಹಿಡಿದ ದೀಪ ಆರಿಹೋಗುತ್ತಿತ್ತು. ಪ್ರೀಸ್ಟ್ಲಿ ಆ ಗಾಳಿಯಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ನೋಡಿದ. ನೀರಿಗೆ ಚುರುಕಾದ, ತುಸು ಹುಳಿಯಾದ ರುಚಿ ಬಂತು. 1772ರಲ್ಲಿ ಅದನ್ನು ಮಾಡುವ ಬಗೆಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. 1783ರಲ್ಲಿ ಜಿನೀವಾದಲ್ಲಿ ಷ್ವೆಪ್ ಎಂಬಾತ ಅದನ್ನೇ ವ್ಯಾಪಾರ ಮಾಡಿದ. 1803ರಲ್ಲಿ ವಿಲಿಯಂ ಹೆನ್ರಿ ಇದರ ನಿಯಮ ಬರೆದ: ದ್ರವದ ಮೇಲೆ ಗ್ಯಾಸಿನ ಒತ್ತಡ ಎಷ್ಟು ಹೆಚ್ಚೋ, ಅದರೊಳಗೆ ಕರಗುವ ಗ್ಯಾಸೂ ಅಷ್ಟು ಹೆಚ್ಚು. ಕೆಗ್ಗಿನ ಕೆಲಸವೆಲ್ಲ ಈ ಒಂದು ನಿಯಮ ಮತ್ತು ತಂಪು, ಇವೆರಡರ ಮೇಲೆ ನಿಂತಿದೆ.

ತಂಪಿನ ಲೆಕ್ಕ ಇನ್ನೂ ಮುಖ್ಯ. ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಸಾಮಾನ್ಯ ಒತ್ತಡದಲ್ಲಿ ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೀರು 30 ಡಿಗ್ರಿಗೆ ಬಂದರೆ ಹಿಡಿಯುವುದು ಸುಮಾರು 1.3 ಗ್ರಾಂ ಮಾತ್ರ. ಬಿಸಿಲಲ್ಲಿಟ್ಟ ಸೋಡಾ ತೆರೆದ ತಕ್ಷಣ ಉಕ್ಕಿ ಚೆಲ್ಲಿ, ಕುಡಿಯುವಷ್ಟರಲ್ಲಿ ಸಪ್ಪೆಯಾಗುವುದು ಇದಕ್ಕೇ.

ಹವ್ಯಾಸಿ ಬಿಯರಿನವರು ಗ್ಯಾಸ್ ಹಿಡಿಸಲು ಎರಡು ದಾರಿ ಬಳಸುತ್ತಾರೆ. ಹಳೆಯ ದಾರಿಯಲ್ಲಿ, ಹುದುಗು ಮುಗಿದ ಬಿಯರಿಗೆ ಲೀಟರಿಗೆ 6–7 ಗ್ರಾಂ ಸಕ್ಕರೆ ಬೆರೆಸಿ ಬಾಟಲಿ ಮುಚ್ಚಿಡುತ್ತಾರೆ. ಉಳಿದ ಯೀಸ್ಟ್ ಆ ಸಕ್ಕರೆಯನ್ನು ತಿಂದು ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ಎಡೆಯಿಲ್ಲದ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ಕೈಯಳತೆ ತುಸು ತಪ್ಪಿದರೂ, ಹುದುಗು ಪೂರ್ತಿ ನಿಲ್ಲುವ ಮೊದಲೇ ಮುಚ್ಚಿದರೂ ಗಾಜು ಸಿಡಿಯುತ್ತದೆ. ಎರಡನೆಯದು ಕೆಗ್ಗಿನ ದಾರಿ. ಸುಮಾರು 19 ಲೀಟರ್ ಹಿಡಿಯುವ ಸ್ಟೇನ್‌ಲೆಸ್ ಸ್ಟೀಲಿನ ಉದ್ದನೆಯ ಪಾತ್ರೆ. ಮೇಲೆ ಅಂಡಾಕಾರದ ಮುಚ್ಚಳ, ಅದರ ಸುತ್ತ ರಬ್ಬರಿನ ದಪ್ಪ ಉಂಗುರ, ನಡುವೆ ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ವಾಲ್ವ್. ಅಕ್ಕಪಕ್ಕ ಎರಡು ಮೂತಿ: ಒಂದರಿಂದ ಗ್ಯಾಸ್ ಒಳಕ್ಕೆ, ಇನ್ನೊಂದರಿಂದ ಪಾನೀಯ ಹೊರಕ್ಕೆ. ಪಾನೀಯದ ಮೂತಿಗೆ ತಳದವರೆಗೆ ಇಳಿದ ಕೊಳವೆ ಇರುತ್ತದೆ.

ಮಾಡುವ ಕ್ರಮವೂ ಸರಳ. ಕೆಗ್ಗನ್ನು ತೊಳೆದು ಶುಚಿ ಮಾಡಿ ತುಂಬಿದ ಮೇಲೆ ಮೊದಲು ಸ್ವಲ್ಪ ಗ್ಯಾಸ್ ಬಿಟ್ಟು, ವಾಲ್ವ್ ಎತ್ತಿ, ಒಳಗೆ ಉಳಿದ ಗಾಳಿಯನ್ನು ಹೊರಗೆ ಹಾಕಬೇಕು. ಆಮ್ಲಜನಕ ಉಳಿದರೆ ಬಣ್ಣವೂ ರುಚಿಯೂ ಕೆಡುತ್ತವೆ. ಆಮೇಲೆ 4 ಡಿಗ್ರಿಗೆ ತಣಿಸಿ, ರೆಗ್ಯುಲೇಟರನ್ನು ಚದರ ಇಂಚಿಗೆ 12 ಪೌಂಡ್, ಅಂದರೆ 12 ಪಿಎಸ್‌ಐಗೆ ತಿರುವಿ ಒಂದು ವಾರ ಬಿಟ್ಟರೆ ಲೀಟರಿಗೆ ಸುಮಾರು 5 ಗ್ರಾಂ ಗ್ಯಾಸ್ ಕರಗುತ್ತದೆ. ಬಿಯರಿಗೆ ಅಷ್ಟು ಸಾಕು. ತಂಪು ಪಾನೀಯಕ್ಕೆ 7 ಗ್ರಾಂ ಹತ್ತಿರ ಬೇಕು, ಹಾಗಾಗಿ ಒತ್ತಡ ಏರಿಸಬೇಕು. ಅವಸರವಿದ್ದವರು 30 ಪಿಎಸ್‌ಐ ಇಟ್ಟು ಕೆಗ್ಗನ್ನು ಮಡಿಲ ಮೇಲೆ ಮಲಗಿಸಿಕೊಂಡು ಹಿಂದೆ ಮುಂದೆ ತೂಗುತ್ತಾರೆ. ದ್ರವ ಕಲಕಿದಷ್ಟೂ ಗ್ಯಾಸಿಗೆ ತಾಗುವ ಮೈ ಹೆಚ್ಚುತ್ತದೆ. ವಾರದ ಕೆಲಸ ಕೆಲವು ನಿಮಿಷಕ್ಕೆ ಇಳಿಯುತ್ತದೆ. ಶುರುವಿನಲ್ಲಿ ಕೊಳವೆಯೊಳಗೆ ಸರ್‌ ಎಂದು ಹರಿಯುವ ಗ್ಯಾಸಿನ ಸದ್ದು ಬರಬರುತ್ತ ಕ್ಷೀಣಿಸುತ್ತದೆ. ಸದ್ದು ನಿಂತಿತೆಂದರೆ ಆ ಒತ್ತಡಕ್ಕೆ ಎಷ್ಟು ಕರಗಬೇಕೋ ಅಷ್ಟು ಕರಗಿದೆ ಎಂದರ್ಥ.

ಖರ್ಚಿನ ಮಾತು. ಸೋರಿಕೆ ಇಲ್ಲದಿದ್ದರೆ 19 ಲೀಟರಿನ ಒಂದು ಕೆಗ್ಗಿಗೆ ಗ್ಯಾಸ್ ಹಿಡಿಸಿ, ಪೂರ್ತಿ ಗ್ಲಾಸುಗಳಿಗೆ ಇಳಿಸಲು ಕಾಲು ಕಿಲೋ ಗ್ಯಾಸ್ ಸಾಕು. 5 ಕೆ.ಜಿ. ಸಿಲಿಂಡರಿನಲ್ಲಿ 20 ಕೆಗ್ ಮುಗಿಯುತ್ತದೆ. 200 ಮಿ.ಲೀ. ಲೆಕ್ಕದಲ್ಲಿ ಅದು 1,900 ಗ್ಲಾಸ್.

ಈ ಕೆಗ್ಗಿನ ಪೂರ್ವಾಶ್ರಮವನ್ನೂ ಹೇಳಬೇಕು. ಇದು ಬಿಯರಿಗಾಗಿ ಮಾಡಿದ ಪಾತ್ರೆಯೇ ಅಲ್ಲ. ಅಮೆರಿಕದ ಕಾರ್ನೀಲಿಯಸ್ ಕಂಪನಿ ತಂಪು ಪಾನೀಯದ ಸಿರಪ್ ಹೋಟೆಲುಗಳಿಗೆ ಸಾಗಿಸಲೆಂದು ಇದನ್ನು ತಯಾರಿಸಿತ್ತು. ಮುಂದೆ ಪಾನೀಯ ಕಂಪನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದಾಗ ಲಕ್ಷಾಂತರ ಹಳೆಯ ಕೆಗ್ಗುಗಳು ಗುಜರಿ ಬೆಲೆಗೆ ಬಂದವು, ಹವ್ಯಾಸಿಗಳು ಕೊಂಡರು. ಬ್ರೂವರಿಯಲ್ಲಿ ಹುಟ್ಟಿದ ಗುಳ್ಳೆ ಸೋಡಾಕ್ಕೆ ಹೋಯಿತು, ಸೋಡಾದ ಪಾತ್ರೆ ಮನೆಯ ಬಿಯರಿಗೆ ಬಂತು. ಈಗ ಆ ಪಾತ್ರೆ ಹಣ್ಣಿನ ಸೋಡಾಕ್ಕೆ ಮರಳಿದರೆ ಅದು ತನ್ನ ಮನೆಗೇ ಬಂದಂತೆ.

ಗ್ಯಾಸ್ ತುಂಬುವ ಕೈಚಳಕ ನಮ್ಮ ಊರುಗಳಿಗೂ ಹೊಸದಲ್ಲ. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಪೇಟೆಂಟ್ ಪಡೆದ ಗೋಲಿ ಬಾಟಲಿ ಅವನ ಊರಿನಲ್ಲಿ ವಸ್ತುಸಂಗ್ರಹಾಲಯ ಸೇರಿತು. ಇಲ್ಲಿ ಜಾತ್ರೆಗಳಲ್ಲಿ, ಬಸ್ ಸ್ಟ್ಯಾಂಡ್ ಮಗ್ಗುಲಲ್ಲಿ ಉಳಿದುಕೊಂಡಿತು. ಗೋಲಿ ಸೋಡಾ ತುಂಬುವವನ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬಾಟಲಿಗಳನ್ನು ಮಷಿನ್ನಿನ ತೊಟ್ಟಿಲಿಗೆ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಹಿಡಿಕೆ ತಿರುವಿ ತಲೆಕೆಳಗು ಮಾಡುತ್ತಾನೆ. ಗೋಲಿ ಕುತ್ತಿಗೆಗೆ ಉರುಳಿ ರಬ್ಬರ್ ಉಂಗುರಕ್ಕೆ ಕೂರುತ್ತದೆ. ಒಳಗಿನ ಒತ್ತಡವೇ ಅದನ್ನು ಅಲ್ಲಿ ಒತ್ತಿ ಹಿಡಿಯುತ್ತದೆ. ಬಿರಡೆ ಇಲ್ಲ, ಮುಚ್ಚಳ ಇಲ್ಲ. ಮಷಿನ್ ಮುಂದೆ ತಂತಿಬಲೆ ಕಟ್ಟಿಕೊಂಡು, ಕೈಗೆ ಗೋಣಿ ಸುತ್ತಿಕೊಂಡು ದಿನವಿಡೀ ಹೆನ್ರಿಯ ನಿಯಮವನ್ನು ಪಾಲಿಸುವ ಇಂಥವರನ್ನು ಯಾವ ಸಂಸ್ಥೆಯೂ ತಂತ್ರಜ್ಞ ಎಂದು ಕರೆದಿಲ್ಲ. ಕರೆಯಬೇಕಿತ್ತು. 2025ರ ಮಾರ್ಚ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಪೇಡಾ ಸಂಸ್ಥೆ ಭಾರತದ ಗೋಲಿ ಸೋಡಾ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಿಗೆ ರಫ್ತಾಗುತ್ತಿರುವುದನ್ನು ಹೆಮ್ಮೆಯಿಂದ ಪ್ರಕಟಿಸಿತು. ಅದೇ ಗೋಲಿ ಸೋಡಾಕ್ಕೆ ನಿಂಬೆ ಪರಿಮಳ, ಸಕ್ಕರೆ ಬಿದ್ದರೆ ದೇಶದೊಳಗೆ ಶೇ 40 ತೆರಿಗೆ.

ಬಿಯರಿನ ಪ್ರಸ್ತಾಪ ಬಂದದ್ದರಿಂದ ಕಾನೂನನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಮದ್ಯವೇ. ತನ್ನ ಮನೆಯ ಬಳಕೆಗೆ ಎಂಬ ವಿನಾಯಿತಿ ಅದಕ್ಕಿಲ್ಲ. ಬ್ರಿಟನ್ 1963ರಲ್ಲಿ ಮನೆ ಬಿಯರಿಗೆ ಲೈಸೆನ್ಸ್ ಕೇಳುವುದನ್ನು ಬಿಟ್ಟಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ವಯಸ್ಕರೊಬ್ಬರಿಗೆ ವರ್ಷಕ್ಕೆ 100 ಗ್ಯಾಲನ್ ಮಿತಿ ಇಟ್ಟು, ಮಾರಕೂಡದೆಂದು ಹೇಳಿ ಬಾಗಿಲು ತೆರೆಯಿತು. ಆದರೂ ಅಲಬಾಮ, ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ನಮ್ಮಲ್ಲಿ 2022ರಲ್ಲಿ ಕೇರಳ ಹಣ್ಣುಗಳ ಸಣ್ಣ ವೈನರಿಗಳಿಗೆ ನಿಯಮ ಮಾಡಿತು. ಕರ್ನಾಟಕ 2010ರ ಸುಮಾರಿಗೆ ಮೈಕ್ರೊಬ್ರೂವರಿಗಳಿಗೆ ಅನುಮತಿ ಕೊಟ್ಟಿತು, ಬೆಂಗಳೂರಿನ ಇಂದಿರಾನಗರದ ಟಾಯ್ಟ್‌ನಂಥವು ಬಂದವು. ಅದು ದೊಡ್ಡ ಬಂಡವಾಳದವರ ಕ್ಷೇತ್ರ.

ಹುದುಗು ಬೇರೆ, ಭಟ್ಟಿ ಬೇರೆ ಎಂಬುದನ್ನು ಆಡಳಿತ ಅರ್ಥಮಾಡಿಕೊಳ್ಳಬೇಕು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಬೆರೆತ ಕಳ್ಳ ಸಾರಾಯಿ. ಧಾನ್ಯ ಹುದುಗಿಸಿದ ಬಿಯರಿನಲ್ಲಿ ಆ ವಿಷ ಅಪಾಯದ ಮಟ್ಟಕ್ಕೆ ಹುಟ್ಟುವುದಿಲ್ಲ. ಆದರೂ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಗೋವಾ ಮದ್ಯ ಹಿಡಿದ ಸುದ್ದಿ ಮೇಲಿಂದ ಮೇಲೆ ಬರುವ ತಾಲ್ಲೂಕಿನಲ್ಲಿ, 2007ರ ಜುಲೈ 1ರಂದು ಸಾರಾಯಿ ನಿಂತಾಗ ನಿಟ್ಟುಸಿರು ಬಿಟ್ಟ ತಾಯಂದಿರ ಊರುಗಳಲ್ಲಿ, ಮನೆ ಬಿಯರಿಗೆ ವಿನಾಯಿತಿ ಕೊಡಿ ಎಂಬ ಕೂಗು ಮೊದಲನೆಯದಾಗಬಾರದು. ಆ ಚರ್ಚೆ ನಗರಗಳಲ್ಲಿ ನಡೆಯಲಿ. ಖಾನಾಪುರದ ಹಣ್ಣಿಗೆ ಅಬಕಾರಿ ಇಲಾಖೆಯ ಅಪ್ಪಣೆ ಬೇಕಿಲ್ಲ. ಅದರಲ್ಲಿ ಅಮಲಿಲ್ಲ, ಗುಳ್ಳೆ ಮಾತ್ರ ಇದೆ.

ಮುರುಗಲು ರಸ ತೆಗೆಯುವ ಮನೆಪದ್ಧತಿ ಕೆಗ್ಗಿಗೆ ಹೇಳಿ ಮಾಡಿಸಿದ ಹಾಗಿದೆ. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂತಾದ ಸಿಪ್ಪೆಗೆ ಸಕ್ಕರೆ ತುಂಬಿ ಜಾಡಿಯಲ್ಲಿ ಪೇರಿಸುತ್ತಾರೆ. ಕೆಲವು ದಿನಗಳ ಬಿಸಿಲಿಗೆ ಸಕ್ಕರೆ ಹಣ್ಣಿನ ನೀರನ್ನೆಲ್ಲ ಎಳೆದುಕೊಂಡು ಕಡುಗೆಂಪು ಪಾಕವಾಗಿ ಕೆಳಗೆ ನಿಲ್ಲುತ್ತದೆ. ಈ ಪಾಕ ತಿಂಗಳುಗಟ್ಟಲೆ ಇರುತ್ತದೆ. ಐದು ಪಾಲು ನೀರು ಬೆರೆಸಿ ಬಟ್ಟೆಯಲ್ಲಿ ನುಣ್ಣಗೆ ಸೋಸಿ ಕೆಗ್ಗಿಗೆ ಹಾಕಬೇಕು. ಸೋಸುವುದರಲ್ಲಿ ಸೋಮಾರಿತನ ಮಾಡಿದರೆ ತೊಳೆಯ ಪ್ರತಿ ಚೂರಿನ ಸುತ್ತ ಗುಳ್ಳೆ ಏಳುತ್ತದೆ, ನಲ್ಲಿ ತಿರುವಿದಾಗ ಗ್ಲಾಸ್ ತುಂಬ ನೊರೆಯೇ ಬರುತ್ತದೆ. ಗೇರುಹಣ್ಣಿನ ರಸಕ್ಕೆ ಇನ್ನೊಂದು ಹಂತ ಬೇಕು: ಗಂಟಲು ಹಿಡಿಯುವ ಒಗರು ಹೋಗಬೇಕು. ಲೀಟರಿಗೆ 5 ಗ್ರಾಂ ಸಾಬುದಾಣಿಯನ್ನು ಗಂಜಿಯಂತೆ ಬೇಯಿಸಿ ಆರಿಸಿ ರಸಕ್ಕೆ ಕಲಸಿದರೆ ಒಗರಿನ ಟ್ಯಾನಿನ್ ಅದಕ್ಕೆ ಅಂಟಿ ತಳಕ್ಕೆ ಕೂರುತ್ತದೆ, ತಿಳಿರಸ ಮೇಲೆ ಉಳಿಯುತ್ತದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೂ ಕೇರಳ ಕೃಷಿ ವಿಶ್ವವಿದ್ಯಾಲಯವೂ ಗೇರುಹಣ್ಣಿನ ಪಾನೀಯಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿವೆ. ಖಾನಾಪುರಕ್ಕೆ ಅದನ್ನು ತರಿಸಿಕೊಂಡು ಕಲಿಸುವವರು ಬೇಕು.

ಇನ್ನು ಬೆಳಗಾವಿ ನಗರ. ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ಸ್ ಘಟಕಗಳಲ್ಲಿ ಒತ್ತಡ ತಡೆಯುವ ವಾಲ್ವ್, ಪಂಪು, ಸಿಲಿಂಡರ್ ಮಾಡುವುದು ದಿನದ ಕೆಲಸ. ಎಣ್ಣೆಯ ಒತ್ತಡವನ್ನು ನೂರಾರು ಬಾರ್ ಮಟ್ಟದಲ್ಲಿ ಹಿಡಿದಿಡುವ ಊರಿಗೆ ಎರಡು–ಮೂರು ಬಾರ್ ತಡೆಯುವ ಸ್ಟೀಲ್ ಕೆಗ್, ಅದರ ನಲ್ಲಿ, ಅದರ ಸೀಲು ಏನೂ ದೊಡ್ಡದಲ್ಲ. ಗ್ಯಾಸಿಗೂ ದೂರ ಹೋಗಬೇಕಿಲ್ಲ. ಹುದುಗಿನಲ್ಲಿ 180 ಪಾಲು ಗ್ಲುಕೋಸ್ ಒಡೆದರೆ 92 ಪಾಲು ಆಲ್ಕೋಹಾಲು, 88 ಪಾಲು ಇಂಗಾಲದ ಡೈಆಕ್ಸೈಡ್. ಅಂದರೆ ಎಥನಾಲ್ ಎಷ್ಟು ತೂಕವೋ ಗ್ಯಾಸೂ ಹತ್ತಿರಹತ್ತಿರ ಅಷ್ಟೇ ತೂಕ. ಕಬ್ಬಿನ ಈ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿವೆ. ಆ ಗ್ಯಾಸನ್ನು ಹಿಡಿದು, ತೊಳೆದು, ಆಹಾರ ದರ್ಜೆಗೆ ತಂದರೆ ಕಬ್ಬಿನ ಗುಳ್ಳೆಯೇ ಮುರುಗಲಿಗೆ ಸೇರುತ್ತದೆ. ಸಕ್ಕರೆ ಮತ್ತು ಆಲ್ಕೋಹಾಲ್ ತಂತ್ರಜ್ಞಾನ ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲೇ ಇದೆ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಒಂದು ಕಸುಬನ್ನು ಹಳ್ಳಿಯವರಿಗೆ ಕೂರಿಸಿ ಕಲಿಸಿದ ಅನುಭವ ಆ ಊರಿಗಿದೆ. ಸಕ್ಕರೆ ಬದಲು ಬೆಲ್ಲ ಹಾಕಿದ ಮುರುಗಲು ಸೋಡಾ ಮಾಡಹೊರಟರೆ ಇನ್ನೊಂದು ಅನುಕೂಲ: ಕಿರು ಆಹಾರ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ಪನ್ನ ಎಂದು ಆಯ್ಕೆಯಾಗಿರುವುದೇ ಬೆಲ್ಲ. ಆ ಯೋಜನೆಯ ನಿಯಮದಂತೆ ಸಹಾಯಧನ ಶೇ 35, ಗರಿಷ್ಠ 10 ಲಕ್ಷ ರೂಪಾಯಿ.

ಅಪಾಯಗಳನ್ನು ಮುಚ್ಚಿಟ್ಟು ಯಾರನ್ನೂ ಈ ಕೆಲಸಕ್ಕೆ ಎಳೆಯಬಾರದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ನೆಲಕ್ಕೆ ಕೂರುತ್ತದೆ, ವಾಸನೆ ಇಲ್ಲ. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ 5 ಕೆ.ಜಿ. ಸಿಲಿಂಡರ್ ಪೂರ್ತಿ ಸೋರಿದರೆ ಗಾಳಿಯಲ್ಲಿ ಅದರ ಪಾಲು ಶೇ 10ರ ಹತ್ತಿರ ಹೋಗುತ್ತದೆ. ಮನುಷ್ಯ ಪ್ರಜ್ಞೆ ತಪ್ಪಲು ಅಷ್ಟು ಸಾಕು. ಸಿಲಿಂಡರಿನೊಳಗೆ ಗ್ಯಾಸ್ ದ್ರವರೂಪದಲ್ಲಿರುವುದು 31 ಡಿಗ್ರಿವರೆಗೆ ಮಾತ್ರ. ಅದನ್ನು ದಾಟಿದ ಮೇಲೆ ಒತ್ತಡ 74 ಬಾರ್ ಮೀರಿ ಏರತೊಡಗುತ್ತದೆ, ಮತ್ತು ಬೆಳಗಾವಿಯ ಏಪ್ರಿಲ್ ಮಧ್ಯಾಹ್ನ 31 ಡಿಗ್ರಿ ದಾಟುವುದು ಮಾಮೂಲು. ಸಿಲಿಂಡರ್ ನೆರಳಲ್ಲಿರಬೇಕು, ಗೋಡೆಗೆ ಸರಪಳಿ ಬಿಗಿದಿರಬೇಕು, ಕಿಟಕಿ ತೆರೆದಿರಬೇಕು, ಪರೀಕ್ಷೆಯ ತಾರೀಖು ಮೀರಿರಬಾರದು. ವೆಲ್ಡಿಂಗಿಗೆ ತರುವ ಗ್ಯಾಸನ್ನು ಕುಡಿಯುವುದಕ್ಕೆ ಬಳಸಲೇಬಾರದು. ಹಣ್ಣಿನ ರಸಕ್ಕೂ ಅದರದೇ ಅಪಾಯವಿದೆ. ಕಾಯಿಸದ ಸಿಹಿ ರಸವನ್ನು ಗಾಜಿನ ಬಾಟಲಿಯಲ್ಲಿ ಮುಚ್ಚಿ ಹೊರಗಿಟ್ಟರೆ ಕಾಡು ಯೀಸ್ಟ್ ಹುದುಗೆಬ್ಬಿಸಿ, ಬಾಟಲಿ ಸಿಡಿದು ಕಣ್ಣಿಗೇ ಬಂದೀತು. ಕೆಗ್ಗಿಗೆ ಒತ್ತಡ ಬಿಡುವ ವಾಲ್ವ್ ಇದೆ, ಅದು ಫ್ರಿಜ್ಜಿನಲ್ಲಿರುತ್ತದೆ, ಗಾಜಲ್ಲ. ಸಣ್ಣ ಉದ್ದಿಮೆಗೆ ಕೆಗ್ಗೇ ಸರಿ ಎನ್ನಲು ಇದೊಂದೇ ಕಾರಣ ಸಾಕು.

ಈಗ ಮತ್ತೆ ತೆರಿಗೆ. 2014ರ ಸೆಪ್ಟೆಂಬರ್ 24ರಂದು ತುಮಕೂರಿನ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದ ಪ್ರಧಾನಿ ನರೇಂದ್ರ ಮೋದಿ, ತಂಪು ಪಾನೀಯಗಳಲ್ಲಿ ಶೇ 5ರಷ್ಟಾದರೂ ಹಣ್ಣಿನ ರಸ ಬೆರೆಸುವಂತೆ ಕಂಪನಿಗಳನ್ನು ಕೇಳಿದ್ದಾಗಿ ಹೇಳಿದ್ದರು. ರೈತರ ಹಣ್ಣು ಖರ್ಚಾಗಲಿ ಎಂಬುದು ಆ ಮಾತಿನ ಉದ್ದೇಶ, ಒಳ್ಳೆಯ ಉದ್ದೇಶ. ಆಹಾರ ಸುರಕ್ಷತಾ ಪ್ರಾಧಿಕಾರ ಗ್ಯಾಸ್ ಹಿಡಿಸಿದ ಹಣ್ಣಿನ ಪಾನೀಯಕ್ಕೆ ಪ್ರತ್ಯೇಕ ವ್ಯಾಖ್ಯೆಯನ್ನೇ ಕೊಟ್ಟಿತು: ಶೇ 10 ರಸ ಇರಬೇಕು, ನಿಂಬೆಗಾದರೆ ಶೇ 5. ಹೀಗೆ ಒಂದು ಕೈ ಕರೆಯಿತು. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 45ನೇ ಸಭೆ ಅದೇ ಪಾನೀಯಕ್ಕೆ ಶೇ 28 ತೆರಿಗೆ, ಮೇಲೆ ಶೇ 12 ಸೆಸ್ ಹಾಕಿತು. ಏರೇಟೆಡ್ ನೀರು ತಯಾರಿಸುವ ಸಣ್ಣವರಿಗೆ, ವಹಿವಾಟಿನ ಸಣ್ಣ ಪಾಲನ್ನಷ್ಟೇ ತೆರಿಗೆಯಾಗಿ ಕಟ್ಟುವ ಕಾಂಪೊಸಿಷನ್ ಯೋಜನೆಯ ಬಾಗಿಲು 2019ರಲ್ಲೇ ಮುಚ್ಚಿತ್ತು. 2025ರಲ್ಲಿ ಸೆಸ್ ಹೋಗಿ ಎಲ್ಲ ಸೇರಿ ಶೇ 40 ಆಯಿತು; ಗ್ಯಾಸ್ ಇಲ್ಲದ ಹಣ್ಣಿನ ಪಾನೀಯ ಮಾತ್ರ ಶೇ 12ರಿಂದ 5ಕ್ಕೆ ಇಳಿಯಿತು.

ಸಕ್ಕರೆ ಕಾಯಿಲೆಯ ದೇಶದಲ್ಲಿ ಸಿಹಿ ಪಾನೀಯಕ್ಕೆ ತೆರಿಗೆ ಹಾಕುವುದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಹಾಗಾದರೆ ತೆರಿಗೆ ಸಕ್ಕರೆಯನ್ನು ಅಳೆಯಬೇಕು. ಈಗಿನ ತೆರಿಗೆ ಅದನ್ನು ಅಳೆಯುವುದೇ ಇಲ್ಲ. ಪೊಟ್ಟಣದ ಸಿಹಿಮಾವಿನ ಪಾನೀಯಕ್ಕೆ ಶೇ 5. ಅದಕ್ಕಿಂತ ಕಡಿಮೆ ಸಿಹಿಯ, ಶೇ 10 ರಸದ ಮುರುಗಲು ಸೋಡಾಕ್ಕೆ ಶೇ 40. ವ್ಯತ್ಯಾಸ ಇರುವುದು ಲೀಟರಿಗೆ 7 ಗ್ರಾಂ ಗ್ಯಾಸಿನಲ್ಲಿ, ಅದೂ ಬಾಟಲಿ ತೆರೆದ ಸ್ವಲ್ಪ ಹೊತ್ತಿಗೆ ಹಾರಿಹೋಗುವ ಗ್ಯಾಸಿನಲ್ಲಿ. ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿ ಇದನ್ನು ಸಮರ್ಥಿಸಲಾಗದು.

ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟದವರಿಗೆ ನೋಂದಣಿಯೇ ಬೇಡವಲ್ಲ ಎಂಬ ಉತ್ತರ ಬರುತ್ತದೆ. ಹಾಸನದಂಥ ಒಳನಾಡಿಗೆ ಆ ಉತ್ತರ ಸರಿ. ಖಾನಾಪುರದ ಪೇಟೆ ಯಾವುದು? ಒಂದು ಕಡೆ ಗೋವಾ, ಇನ್ನೊಂದು ಕಡೆ ಚಂದಗಡ, ಸಾವಂತವಾಡಿ, ಕೊಲ್ಹಾಪುರ. ಸರಕು ರಾಜ್ಯದ ಗಡಿ ದಾಟಿತೆಂದರೆ 40 ಲಕ್ಷದ ರಿಯಾಯಿತಿ ಇಲ್ಲ. ಮೊದಲ ಕ್ರೇಟಿಗೇ ನೋಂದಣಿ ಕಡ್ಡಾಯ, ತೆರಿಗೆ ಕಡ್ಡಾಯ. ಜಾಂಬೋಟಿಯ ಸ್ವಸಹಾಯ ಸಂಘಕ್ಕೆ ಬೆಂಗಳೂರಿಗಿಂತ ಪಣಜಿ ಎಷ್ಟೋ ಹತ್ತಿರ, ಮುರುಗಲಿನ ರುಚಿ ಗೊತ್ತಿರುವ ಗಿರಾಕಿಯೂ ಅಲ್ಲೇ ಹೆಚ್ಚು. ಗಡಿ ಎಂದರೆ ಬೆಳಗಾವಿಯಲ್ಲಿ ಭಾಷೆಯ ಜಗಳವೇ ನೆನಪಾಗುತ್ತದೆ. ಹಣ್ಣು ಮಾರುವವರ ಪಾಲಿಗೆ ಗಡಿಯ ತೊಂದರೆ ಇಂಥದ್ದು.

ತೆರಿಗೆ ಇಳಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ, ಮತ್ತು ಇಲ್ಲಿಯೇ ಕೆಗ್ ಬಾಟಲಿಗಿಂತ ಮೇಲಾಗುವುದು. ಹಳ್ಳಿಯ ಸಂಘ ಗ್ಯಾಸ್ ಇಲ್ಲದ ಮುರುಗಲು ಪಾಕವನ್ನಷ್ಟೇ ಕ್ಯಾನುಗಳಲ್ಲಿ ಮಾರಲಿ. ಬೆಳಗಾವಿಯ ತಿಳಕವಾಡಿಯಲ್ಲೋ ಕ್ಯಾಂಪಿನಲ್ಲೋ ಹೋಟೆಲಿನವರು ಅದನ್ನು ತಮ್ಮಲ್ಲೇ ಕೆಗ್ಗಿಗೆ ಹಾಕಿ, ಗ್ಯಾಸ್ ಹಿಡಿಸಿ, ನಲ್ಲಿಯಿಂದ ಗ್ಲಾಸಿಗೆ ಇಳಿಸಿ ಕೊಟ್ಟರೆ ಅದು ಊಟ–ತಿಂಡಿಯ ಬಿಲ್ಲಿನ ಭಾಗ. ಸಾಮಾನ್ಯ ಹೋಟೆಲುಗಳ ಸೇವೆಗೆ ತೆರಿಗೆ ಶೇ 5. ಮದುವೆ ಮಂಟಪಕ್ಕೆ ನಾಲ್ಕು ಕೆಗ್ ಒಯ್ದರೆ ನಾನೂರು ಜನರಿಗೆ ಹತ್ತಿರಹತ್ತಿರ ಒಂದೊಂದು ಗ್ಲಾಸ್ ಆಯಿತು. ಪ್ಲಾಸ್ಟಿಕ್ ಬಾಟಲಿಯ ರಾಶಿ ಉಳಿಯುವುದಿಲ್ಲ, ತೊಳೆದ ಕೆಗ್ ಮರುದಿನ ಇನ್ನೊಂದು ಮಂಟಪಕ್ಕೆ. ಜಿಲ್ಲಾ ಪಂಚಾಯಿತಿ ಖಾನಾಪುರದಲ್ಲಿ ಒಂದು ತಂಪು ಕೋಣೆ, ಸೋಸುವ ಯಂತ್ರ, ಹತ್ತಿಪ್ಪತ್ತು ಕೆಗ್ ಮತ್ತು ಗ್ಯಾಸಿನ ಸುರಕ್ಷತೆ ಬಲ್ಲ ಒಬ್ಬ ತರಬೇತುದಾರನನ್ನು ಒದಗಿಸಿದರೆ ಮುಂದಿನ ಏಪ್ರಿಲ್ ಹಂಗಾಮಿಗೇ ಕೆಲಸ ಶುರುವಾಗಬಹುದು. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಗ್ಯಾಸ್ ಅಲಾರಂ ಕೂರಿಸುವುದನ್ನು ಮರೆಯಬಾರದು.

ಉಳಿದದ್ದು ರಾಜ್ಯ ಸರ್ಕಾರದ ಕೆಲಸ. ಡಿಸೆಂಬರಿನಲ್ಲಿ ಶಾಸಕರೆಲ್ಲ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತಾರೆ. ಉತ್ತರ ಕರ್ನಾಟಕದ ಚರ್ಚೆಗೆಂದು ದಿನಗಳನ್ನೇ ಮೀಸಲಿಡುತ್ತಾರೆ. ಬೆಳಗಾವಿ, ಉತ್ತರ ಕನ್ನಡ, ಶಿವಮೊಗ್ಗ, ಕರಾವಳಿ ಜಿಲ್ಲೆಗಳ ಶಾಸಕರು ಪಕ್ಷ ಮರೆತು ಸಹಿ ಹಾಕಬಹುದಾದ ಬೇಡಿಕೆ ಇದು. ಗೋವಾ, ಮಹಾರಾಷ್ಟ್ರ, ಕೇರಳಗಳಿಗೂ ಇದೇ ಹಣ್ಣು, ಇದೇ ತೊಂದರೆ ಇರುವುದರಿಂದ ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಒಂಟಿಯಾಗಲಾರದು. ಕೇಳಬೇಕಾದ ತಿದ್ದುಪಡಿಯೂ ಎರಡು ಸಾಲಿನದು: ಆಹಾರ ಸುರಕ್ಷತಾ ಪ್ರಾಧಿಕಾರದ ಅಳತೆಯಂತೆ ಕನಿಷ್ಠ ಶೇ 10 ಹಣ್ಣಿನ ರಸ ಇರುವ, ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಮೀರದ ವಹಿವಾಟಿನ ತಯಾರಕರ ಗ್ಯಾಸ್ ಪಾನೀಯಕ್ಕೆ, ಗ್ಯಾಸ್ ಇಲ್ಲದ ಹಣ್ಣಿನ ಪಾನೀಯದಷ್ಟೇ, ಅಂದರೆ ಶೇ 5 ತೆರಿಗೆ. ಅಂಥ ತಯಾರಕರು ಪಕ್ಕದ ರಾಜ್ಯಕ್ಕೆ ಮಾರಿದರೂ 40 ಲಕ್ಷದ ಮಿತಿಯವರೆಗೆ ನೋಂದಣಿಯಿಂದ ಮುಕ್ತಿ.